ತಾಂಬೂಲದ ಚೀಲದಲ್ಲಿ ತಾಮ್ರಗಿರಿ

ನಮ್ಮ ಪಕ್ಕದ ಮನೆಯಲ್ಲಿ ಬ್ಯಾಂಕಿಗೆ ಹೋಗುವ ಹೆಣ್ಣುಮಗಳೊಬ್ಬಳಿದ್ದಾಳೆ. ಮೊನ್ನೆ ಭಾನುವಾರ ಒಂದು ಇಂಗ್ಲಿಷ್ ಪುಸ್ತಕ ತಂದು ನನ್ನ ತೊಡೆಯ ಮೇಲೆ ಇಟ್ಟಳು. ಇಟ್ಟಳು ಎನ್ನುವುದಕ್ಕಿಂತ ಇಳಿಸಿದಳು ಎನ್ನಬೇಕು. ಇಂಥವು ಇನ್ನೂ ಆರು ಇವೆಯಂತೆ. ಒಳಗೆ ಬೆಂಕಿಯುಗುಳುವ ಸರ್ಪಗಳು, ಹಿಮದ ರಾಜ್ಯ, ಮೂರು ವಂಶಗಳ ಜಗಳ. ಮೊದಲ ನೂರು ಪುಟ ಸ್ವಲ್ಪ ನಿಧಾನ, ಸಹಿಸಿಕೊಳ್ಳಿ, ಆಮೇಲೆ ಊಟ ತಿಂಡಿ ಮರೆತುಹೋಗುತ್ತೆ ಎಂದಳು. ನನ್ನ ವಯಸ್ಸಿನಲ್ಲಿ ಊಟ ತಿಂಡಿ ಮರೆಯುವುದಕ್ಕೆ ಪುಸ್ತಕವೇ ಬೇಕೆಂದಿಲ್ಲ. ಆದರೂ ಆಗಲಮ್ಮ ಎಂದೆ. ಹೋಗುವಾಗ ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು, ನಾನು ಪುಸ್ತಕ ತೆರೆದೆನೋ ಇಲ್ಲವೋ ಎಂದು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಹತ್ತು ಹನ್ನೆರಡು ವರ್ಷ ನಾನೂ ಜನರನ್ನು ಹಾಗೇ ತಿರುಗಿ ನೋಡಿಕೊಂಡು ಓಡಾಡಿದವನು.

ಆಗ ನಾನು ಹೊಳೆನರಸೀಪುರದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಹೇಮಾವತಿ ಇನ್ನೂ ತನ್ನ ಪಾಡಿಗೆ ಹರಿಯುತ್ತಿದ್ದ ಕಾಲ. ಗೊರೂರಿನಲ್ಲಿ ಅಣೆಕಟ್ಟು ಕಟ್ಟುತ್ತಾರೆಂದು ಯಾರಾದರೂ ಹೇಳಿದರೆ ಹೌದೇ ಎಂದು ಕೇಳಿ ಮರೆಯುತ್ತಿದ್ದೆವು. ಶಾಲೆಯ ಕೆಲಸದ ಮೇಲೆ ತಿಂಗಳಿಗೊಮ್ಮೆ ಹಾಸನದ ಕಚೇರಿಗೆ ಹೋಗಬೇಕಿತ್ತು. ಹಾಸನದ ಬಸ್ ನಿಲ್ದಾಣದಲ್ಲಿ ಬಾಳೆಹಣ್ಣಿನವನ ಪಕ್ಕ ಒಬ್ಬ ಪುಸ್ತಕ ಹರಡಿಕೊಂಡು ಕೂರುತ್ತಿದ್ದ. ಪಂಚಾಂಗ, ಅಡುಗೆ ಪುಸ್ತಕ, ಕಾಗದ ಬರೆಯುವ ಕ್ರಮ ಇವುಗಳ ನಡುವೆ ಒಂದು ದಿನ ನನಗೆ ಸಿಕ್ಕಿದ್ದು ‘ತಾಮ್ರಗಿರಿ’ಯ ಮೊದಲನೆಯ ಭಾಗ. ಬರೆದವರು ಯಾರೆಂದು ನಿಮಗೆ ಗೊತ್ತಿರುವುದಿಲ್ಲ. ನನಗೂ ಗೊತ್ತಿಲ್ಲ. ಹೊದಿಕೆಯ ಮೇಲೆ ಒಂದು ಕಾವ್ಯನಾಮವಿತ್ತು, ಅದನ್ನೂ ಭಾಗಕ್ಕೊಂದು ಥರ ಅಚ್ಚು ಹಾಕಿದ್ದರು.

ಒಟ್ಟು ಎಂಟು ಭಾಗ. ಒಳಗೆ ಕೈಯಲ್ಲಿ ಬರೆದ ನಕ್ಷೆ, ಅದರಲ್ಲಿ ಏಳು ಕೋಟೆ, ಹನ್ನೆರಡು ವರ್ಷಕ್ಕೊಮ್ಮೆ ಹಿಮ್ಮುಖವಾಗಿ ಹರಿಯುವ ಒಂದು ನದಿ. ನೆರಳಿಲ್ಲದ ಒಬ್ಬ ರಾಣಿ. ಕತ್ತಿ ಮಾಡಿ ಮಾಡಿ ಬಾವಿಗೆ ಎಸೆಯುವ ಒಬ್ಬ ಕುರುಡು ಕಮ್ಮಾರ. ಅವನು ಮಾಡಿದ ಕತ್ತಿಯನ್ನು ಸುಳ್ಳು ಹೇಳಿದವನು ಎತ್ತಲಾರ. ಇಷ್ಟು ಸಾಕು. ಇನ್ನು ಒಂದು ಮಾತು ಹೆಚ್ಚಿಗೆ ಹೇಳಿದರೆ ನಾನು ಮತ್ತೆ ಎಂಟೂ ಭಾಗ ಹೇಳಿ ಮುಗಿಸಿಯೇ ಏಳುವುದು.

ಪುಸ್ತಕ ಓದುವುದು ಒಂದು ಚಟವಾದರೆ, ಓದಿಸುವುದು ಅದಕ್ಕಿಂತ ಕೆಟ್ಟ ಚಟ. ಕುಡುಕನಾದರೆ ತಾನು ಕುಡಿದು ಮಲಗುತ್ತಾನೆ. ನಮ್ಮ ಹೆಡ್‌ಮಾಸ್ಟರಿಗೆ ಮೊದಲ ಭಾಗ ಕೊಟ್ಟೆ. ಅವರು ಕೆಂಪು ಪೆನ್ಸಿಲ್ ಹಿಡಿದು ಓದಿ, ಕಾಗುಣಿತದ ತಪ್ಪುಗಳಿಗೆಲ್ಲ ಸುತ್ತು ಹಾಕಿ, ನಕ್ಷೆಯ ಪಕ್ಕದಲ್ಲಿ ‘ನದಿಯು ಎತ್ತರಕ್ಕೆ ಹರಿಯಲಾರದು’ ಎಂದು ಬರೆದು ವಾಪಸು ಮಾಡಿದರು. ಕ್ಷೌರದ ನಿಂಗಯ್ಯನಿಗೆ ಓದಲು ಬರುತ್ತಿರಲಿಲ್ಲ, ಆದ್ದರಿಂದ ಅವನಿಗೆ ಬಾಯಲ್ಲೇ ಹೇಳುತ್ತಿದ್ದೆ. ಸೇನಾಪತಿ ಮೋಸ ಮಾಡುವ ಘಟ್ಟಕ್ಕೆ ಬಂದಾಗ ಅವನು ಕತ್ತಿಯನ್ನು ನನ್ನ ಗಂಟಲ ಮೇಲೆ ಹಾಗೇ ನಿಲ್ಲಿಸಿ, ಯಾರು ಸಾ ಮೋಸ ಮಾಡಿದ್ದು, ಮದ್ಲು ಅದು ಯೋಳಿ ಎಂದ. ನಾನು ಹೇಳಿದೆ. ಒಬ್ಬ ಕೇಳುಗನಿಗೆ ಮುಂದಿನ ಕಥೆಯನ್ನು ಮೊದಲೇ ಹೇಳಿಬಿಟ್ಟಿದ್ದು ಅದೊಂದೇ ಸಲ.

ರುದ್ರಪಟ್ಟಣಕ್ಕೆ ಸಂಗೀತ ಕೇಳಲು ಹೋದಾಗಲೂ ಬಿಡಲಿಲ್ಲ. ಮೃದಂಗದವರಿಗೆ ಬಿಟ್ಟುಕೊಟ್ಟ ಹೊತ್ತಿನಲ್ಲಿ ಜನ ಕಾಫಿಗೆ ಏಳುತ್ತಾರಲ್ಲ, ಆಗ ಪಕ್ಕದಲ್ಲಿ ಕೂತಿದ್ದ ಅಪರಿಚಿತರೊಬ್ಬರಿಗೆ ಎರಡನೆಯ ಕೋಟೆಯವರೆಗೂ ಹೇಳಿದೆ. ಅವರು ತೊಡೆಯ ಮೇಲೆ ತಾಳ ಹಾಕುವುದನ್ನು ನಿಲ್ಲಿಸದೆ, ನಾನು ಕೇಳೋಕ್ಕೆ ಬಂದಿರೋದು ಅದನ್ನು ಸ್ವಾಮಿ, ಎಂದು ವೇದಿಕೆಯ ಕಡೆ ಗದ್ದ ತೋರಿಸಿದರು.

ಮನೆಯಲ್ಲಿ ನನ್ನ ಹೆಂಡತಿ ಜಯಮ್ಮ. ಮದುವೆಯಾದ ಹೊಸದರಲ್ಲಿ ಗಂಡನ ಮಾತು ಎಂದು ಅರವತ್ತು ಪುಟ ಓದಿದಳು. ಆಮೇಲೆ ಪುಸ್ತಕ ಮುಚ್ಚಿ ಒಂದು ಪ್ರಶ್ನೆ ಕೇಳಿದಳು. “ಇಷ್ಟು ಜನ ದಂಡು ಕಟ್ಕೊಂಡು ಓಯ್ತಾ ಅವ್ರಲ್ಲ, ಅಡುಗೆ ಯಾರು ಮಾಡ್ತಾರೆ?” ನಾನು ಎಂಟೂ ಭಾಗ ನೆನಪು ಮಾಡಿಕೊಂಡೆ. ಯಾರೂ ಮಾಡಿರಲಿಲ್ಲ. ಒಂದು ಕಡೆ ಹಣ್ಣು ತಿಂದಿದ್ದರು, ಅಷ್ಟೇ. ಅಡುಗೆ ಮಾಡೋರಿಲ್ಲದ ಕಥೆ ನಂಗೆ ಬ್ಯಾಡ ಎಂದು ಅವಳು ಎದ್ದುಹೋದಳು. ಇಷ್ಟು ವರ್ಷಗಳಲ್ಲಿ ನಾನು ಕೇಳಿದ ವಿಮರ್ಶೆಗಳಲ್ಲಿ ಅದೇ ಗಟ್ಟಿಯಾದದ್ದು.

ಹೀಗೆ ಎಲ್ಲ ಕಡೆ ಸೋತು ಕೂತಿದ್ದಾಗ ನನಗೆ ಓದುವವಳೊಬ್ಬಳು ಸಿಕ್ಕಿದಳು. ಸಿಕ್ಕಬಾರದ ಜಾಗದಲ್ಲಿ ಸಿಕ್ಕಿದಳು.

ಅರಕಲಗೂಡಿನಲ್ಲಿ ನಮ್ಮ ದೊಡ್ಡಪ್ಪ ದೊಡ್ಡಮ್ಮ ಇದ್ದರು. ಅವರ ಮಗ ರಂಗಸ್ವಾಮಿ, ನನಗಿಂತ ಎರಡು ವರ್ಷ ಚಿಕ್ಕವನು, ಓವರ್‌ಸಿಯರ್ ಆಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದ. ಅವನಿಗೆ ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯೊಂದರಿಂದ ತಿಮ್ಮೇಗೌಡರ ಮಗಳ ಜಾತಕ ಬಂದಿತ್ತು. ಹುಡುಗಿಯ ಹೆಸರು ಸರೋಜ, ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಹೆಣ್ಣು ನೋಡಲು ಹೋಗುವಾಗ ಮಾತಾಡುವುದಕ್ಕೆ ಒಬ್ಬ ಮೇಷ್ಟ್ರು ಇರಲಿ ಎಂದು ದೊಡ್ಡಪ್ಪ ನನ್ನನ್ನು ಕರೆದುಕೊಂಡು ಹೋದರು.

ನಡುಮನೆಯಲ್ಲಿ ಚಾಪೆ ಹಾಸಿದ್ದರು. ಉಪ್ಪಿಟ್ಟು, ಬಾಳೆಹಣ್ಣು, ಕಾಫಿ ಬಂತು. ಹುಡುಗಿ ಬಂದು ಕೂತಳು. ದೊಡ್ಡಮ್ಮ ಅಡುಗೆ, ರಂಗೋಲಿ, ಹಸುವಿನ ಹಾಲು ಕರೆಯುವುದು ಎಲ್ಲ ಕೇಳಿ ಮುಗಿಸಿದರು. ರಂಗಸ್ವಾಮಿ ತಲೆಯೆತ್ತಿ ತೊಲೆ ನೋಡುತ್ತಿದ್ದ. ಏನಾದರೂ ಓದುತ್ತೀಯಾ ತಾಯಿ ಎಂದು ನಾನು ಕೇಳಿದೆ. ಅಂಗಡಿಯ ರದ್ದಿಯಲ್ಲಿ ಒಂದು ಪುಸ್ತಕ ಸಿಕ್ಕಿತ್ತು, ಮೊದಲ ಹಾಳೆಗಳಿಲ್ಲ, ಹೆಸರೂ ಗೊತ್ತಿಲ್ಲ, ಅದನ್ನೇ ನಾಲ್ಕು ಸಲ ಓದಿದ್ದೀನಿ ಎಂದಳು. ಆಮೇಲೆ ಅಷ್ಟು ಜನರ ನಡುವೆ ನೇರವಾಗಿ ನನ್ನನ್ನೇ ಕೇಳಿದಳು.

“ಅದ್ರಲ್ಲಿ ಒಬ್ಬ ಕುರುಡು ಕಮ್ಮಾರ ಬತ್ತಾನೆ ಮೇಷ್ಟ್ರೇ. ಅಷ್ಟು ಕಷ್ಟಪಟ್ಟು ಮಾಡಿದ ಕತ್ತೀನ ಬಾವಿಗೆ ಯಾಕೆ ಹಾಕ್ತಾನೆ ಅಂತ ನಂಗೆ ಗೊತ್ತಾಗ್ನಿಲ್ಲ.”

ನೀವೇ ಹೇಳಿ, ನಾನೇನು ಮಾಡಲಿ? ಅದು ಮೂರನೆಯ ಭಾಗ. ಕಮ್ಮಾರ ಕತ್ತಿಯನ್ನು ಬಾವಿಗೆ ಹಾಕುವ ಕಾರಣ ಇರುವುದು ಎರಡನೆಯದರಲ್ಲಿ, ಆ ಬಾವಿ ತೋಡಿದ ಕಾರಣ ಮೊದಲನೆಯದರಲ್ಲಿ. ನಾನು ಅರ್ಧ ಗಂಟೆ ಮಾತಾಡಿದೆನಂತೆ. ನನಗೆ ಐದು ನಿಮಿಷವೆಂದೇ ನೆನಪು. ಅವಳು ನಡುವೆ ನಡುವೆ ಪ್ರಶ್ನೆ ಕೇಳಿದಳು, ಎಲ್ಲವೂ ಸರಿಯಾದ ಪ್ರಶ್ನೆಗಳು. ದೊಡ್ಡಮ್ಮ ನನ್ನ ಪಂಚೆಯ ಚುಂಗು ಹಿಡಿದು ಎಳೆದಾಗ ಕಾಫಿ ಕೆನೆಗಟ್ಟಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ರಂಗಸ್ವಾಮಿ ಚನ್ನರಾಯಪಟ್ಟಣ ದಾಟುವವರೆಗೆ ಟಿಕೆಟ್ಟನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದ. ಆಮೇಲೆ, ಅವಳು ನನ್ನ ಮುಖ ಒಂದು ಸಲವೂ ನೋಡಲಿಲ್ಲ, ಈ ಸಂಬಂಧ ಬೇಡ ಎಂದ. ದೊಡ್ಡಮ್ಮನಿಗೂ ಅಷ್ಟು ಪ್ರಶ್ನೆ ಕೇಳುವ ಸೊಸೆ ಬೇಕಿರಲಿಲ್ಲ. ಅಲ್ಲಿಗೆ ಮಾತು ಮುಗಿಯಿತು.

ನಮ್ಮ ಕಡೆಯ ಪದ್ಧತಿ ಇಲ್ಲಿ ಸ್ವಲ್ಪ ಹೇಳಬೇಕು. ಹೆಣ್ಣು ನೋಡಿ ಬಂದವರು ಬೇಡ ಎನ್ನುವುದಿಲ್ಲ. ಕಾಗದ ಬರೆಯುತ್ತೇವೆ ಎಂದು ಎದ್ದು ಬರುತ್ತಾರೆ, ಬರೆಯುವುದಿಲ್ಲ, ಆ ಕಡೆಯವರು ಅರ್ಥ ಮಾಡಿಕೊಳ್ಳುತ್ತಾರೆ. ಒಪ್ಪಿಗೆಯಾದರೆ ಎಲೆ ಅಡಿಕೆ ಅರಿಶಿನ ಕಳಿಸುತ್ತಾರೆ. ಎರಡರ ನಡುವೆ ಆ ಮನೆಯಿಂದ ಈ ಮನೆಗೆ ಒಂದು ಕಡ್ಡಿಯೂ ಹೋಗಬಾರದು, ಬರಬಾರದು. ಛತ್ರಿ ಮರೆತು ಬಂದವರು ಹೊಸ ಛತ್ರಿ ಕೊಂಡುಕೊಳ್ಳುತ್ತಿದ್ದರೇ ಹೊರತು ಹೇಳಿ ಕಳಿಸುತ್ತಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಪುಸ್ತಕವೂ ಒಂದು ವಸ್ತು ಎಂದು ನನಗೆ ಹೊಳೆಯಲಿಲ್ಲ. ಮೂರನೆಯ ಭಾಗವನ್ನು ನಾಲ್ಕು ಸಲ ಓದಿದ ಹುಡುಗಿ ಮೊದಲೆರಡು ಭಾಗವಿಲ್ಲದೆ ಅಲ್ಲಿ ಕೂತಿದ್ದಾಳೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಆ ಕಾಲಕ್ಕೆ ಮದುವೆಗಳಲ್ಲಿ ತಾಂಬೂಲವನ್ನು ಬಟ್ಟೆಯ ಚೀಲದಲ್ಲಿ ಕೊಡುವುದು ನಮ್ಮ ಕಡೆ ಆಗತಾನೇ ಶುರುವಾಗಿತ್ತು. ಹಳದಿ ಚೀಲ, ಮೇಲೆ ಕೆಂಪಕ್ಷರದಲ್ಲಿ ಶುಭವಿವಾಹ. ಜಯಮ್ಮ ಅಂಥವನ್ನು ಒಗೆದು ಮಡಚಿ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಎರಡು ಪುಸ್ತಕ ಅದರಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತವು. ಹುಡುಗಿಗೆ ಕಾಗದ ಬರೆದರೆ ತಪ್ಪಾಗುತ್ತದೆಂದು ಒಂದಕ್ಷರವನ್ನೂ ಬರೆಯಲಿಲ್ಲ. ಅಷ್ಟು ಜಾಣತನ ನನಗಿತ್ತು. ಚೀಟಿಯಲ್ಲಿ ತಿಮ್ಮೇಗೌಡರ ಹೆಸರು, ಊರು ಬರೆದು, ಕೆಳಗೆ ಅರಕಲಗೂಡಿನ ಕಡೆಯವರಿಂದ ಎಂದಷ್ಟೇ ಹಾಕಿ, ಚೀಲದ ಬಾಯಿ ಕಟ್ಟಿ, ಚನ್ನರಾಯಪಟ್ಟಣದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟೆ. ಒಳ್ಳೆಯ ಕೆಲಸ ಮಾಡಿದೆನೆಂದು ಮನೆಗೆ ಬಂದು ಎರಡು ಮುದ್ದೆ ಉಂಡೆ.

ಒಂದು ತಿಂಗಳಾಗಿರಬಹುದು. ಮೂರನೆಯ ಪೀರಿಯಡ್ ನಡೆಯುತ್ತಿದ್ದಾಗ ದೊಡ್ಡಪ್ಪನ ಆಳು ಶಾಲೆಗೆ ಬಂದು, ಇವತ್ತೇ ಬರಬೇಕಂತೆ ಎಂದ. ಅರಕಲಗೂಡಿನ ಮನೆಯ ಜಗಲಿ ಏರಿದಾಗ ಒಳಗೆ ತಿಮ್ಮೇಗೌಡರು, ಅವರ ತಮ್ಮ, ಇನ್ನಿಬ್ಬರು ನೆಂಟರು ಕೂತಿದ್ದರು. ಪಕ್ಕದಲ್ಲಿ ತೆಂಗಿನಕಾಯಿ, ಬೆಲ್ಲದ ಪಿಂಡಿ. ನಡುವೆ ನನ್ನ ಹಳದಿ ಚೀಲ.

ನಡೆದದ್ದು ಇಷ್ಟು. ಚೀಲದಲ್ಲಿ ಪುಸ್ತಕಗಳ ಜೊತೆಗೆ ಎರಡು ಅಡಿಕೆ, ಒಂದು ಅರಿಶಿನದ ಕೊಂಬು ಇದ್ದವಂತೆ. ಗಂಡಿನ ಕಡೆಯಿಂದ ಒಪ್ಪಿಗೆ ಬಂತೆಂದು ಅವರು ಇಡೀ ಊರಿಗೆ ಹೇಳಿದ್ದರು. ಎಲೆ ಯಾಕಿಲ್ಲ ಎಂದು ಒಬ್ಬರು ಕೇಳಿದಾಗ, ಬಸ್ಸಿನಲ್ಲಿ ಬಾಡುತ್ತದೆಂದು ಹಾಕಿಲ್ಲ, ತಿಳಿದವರು ಎಂದು ಇನ್ನೊಬ್ಬರು ಸಮಾಧಾನ ಹೇಳಿದ್ದರು. ಹುಡುಗಿ ಓದುವವಳೆಂದು ಹುಡುಗನೇ ಪುಸ್ತಕ ಕಳಿಸಿದ್ದಾನೆ ಎಂದು ಹೆಂಗಸರು ಮೆಚ್ಚಿಕೊಂಡಿದ್ದರು. ಅದೇ ವಾರ ಹಾಸನದಿಂದ ಅಕ್ಕಿ ಗಿರಣಿಯ ಯಜಮಾನರೊಬ್ಬರು ಹುಡುಗಿಯನ್ನು ಕೇಳಿಕೊಂಡು ಬಂದಾಗ, ನಮ್ಮ ಹುಡುಗಿಗೆ ಮಾತಾಗಿದೆ ಎಂದು ಕೈಮುಗಿದು ಕಳಿಸಿದ್ದರು. ಆ ಯಜಮಾನರು ಬೇರೆ ಕಡೆ ಮದುವೆಯನ್ನೂ ಮಾಡಿಕೊಂಡಾಗಿತ್ತು. ಇತ್ತ ನಮ್ಮ ರಂಗಸ್ವಾಮಿಗೆ ಹಾಸನದ ಕಂಟ್ರಾಕ್ಟರರ ಮಗಳು ಗೊತ್ತಾಗಿ, ಲಗ್ನಪತ್ರಿಕೆ ಅಚ್ಚಿಗೆ ಹೋಗಿತ್ತು.

ದೊಡ್ಡಪ್ಪ ಚೀಲ ತೋರಿಸಿ ಒಂದೇ ಮಾತು ಕೇಳಿದರು. “ಇದು ನಿಂದೇನ್ಲಾ?”

ನಂದೇ ಎಂದೆ. ಪುಸ್ತಕ ನಾನು ಇಟ್ಟದ್ದು, ಅಡಿಕೆ ಅರಿಶಿನ ನಾನು ಇಟ್ಟದ್ದಲ್ಲ ಎಂದೆ. ದೊಡ್ಡಮ್ಮ ಚೀಲವನ್ನು ತಿರುಗಿಸಿ ನೋಡಿ, ಇದು ಯಾರದೋ ಮದುವೆಯ ತಾಂಬೂಲದ್ದು, ಅದರದೇ ಅಡಿಕೆ ಮೂಲೆಯಲ್ಲಿ ಉಳಿದಿದೆ, ಇವನ ಹೆಂಡತಿ ಕೊಡವದೆ ಮಡಚಿಟ್ಟಿದ್ದಾಳೆ ಎಂದು ತೀರ್ಪು ಕೊಟ್ಟರು. ಎಲ್ಲರಿಗೂ ಅದು ಸರಿಯೆನಿಸಿತು. ನನಗೂ ಸರಿಯೆನಿಸಿತು. ತಿಮ್ಮೇಗೌಡರು ತಲೆತಗ್ಗಿಸಿಕೊಂಡೇ ಮೆಲ್ಲಗೆ ಹೇಳಿದರು.

“ನಾವು ಊರ್ಗೆಲ್ಲ ಯೋಳ್ಬುಟ್ಟೋ ಗೌಡ್ರೇ. ಈಗ ಮೇಷ್ಟ್ರು ಕಥೆ ಪುಸ್ತಕ ಕಳ್ಸಿದ್ರು ಅಂತ ಎಂಗೆ ಯೋಳೋದು?”

ತೆಂಗಿನಕಾಯಿಗಳನ್ನು ಅವರು ವಾಪಸು ಕಟ್ಟಿಕೊಂಡರು. ಒಬ್ಬ ಮನುಷ್ಯ ತಾನು ತಂದ ಕಾಯಿಗಳನ್ನು ತಾನೇ ಮತ್ತೆ ಚೀಲಕ್ಕೆ ತುಂಬಿಕೊಳ್ಳುವುದನ್ನು ನೋಡುತ್ತಾ ನಿಲ್ಲುವುದು ಎಷ್ಟು ಕಷ್ಟವೆಂದು ನನಗೆ ಅಂದು ಗೊತ್ತಾಯಿತು. ನನಗೆ ಅಳು ಬಂತು, ಅಳಲಿಲ್ಲ.

ಮನೆಗೆ ಬಂದು ಹೇಳಿದಾಗ ಜಯಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು, “ಚೀಲ ಕೊಡವಿ, ಒಗ್ದು, ಒಣಗಿಸಿ ಮಡಚಿಟ್ಟೋಳು ನಾನು. ಅದ್ರಲ್ಲಿ ಒಂದು ಚೂರು ಅಡಿಕೆ ಇರ್ನಿಲ್ಲ” ಎಂದಳು. ಕೊಂಬು ಒಳಗಿದ್ದಂತೆಯೇ ಒಗೆದಿದ್ದರೆ ಅರಿಶಿನದ ಕಲೆ ಹತ್ತುತ್ತಿರಲಿಲ್ಲವೇ ಎಂದೂ ಕೇಳಿದಳು. ಹಳದಿ ಚೀಲಕ್ಕೆ ಅರಿಶಿನದ ಕಲೆ ಹತ್ತಿದರೆ ಕಾಣುತ್ತದೆಯೇ ಎಂದು ನಾನು ಮೇಷ್ಟ್ರ ಥರ ವಾದಿಸಿದೆ. ಅವಳ ಮಾತು ಯಾರೂ ನಂಬಲಿಲ್ಲ. ಅರಕಲಗೂಡಿಗೆ ಹಬ್ಬಕ್ಕೆ ಹೋದರೆ ದೊಡ್ಡಮ್ಮ ಬಂದವರಿಗೆಲ್ಲ ಅವಳನ್ನು ತೋರಿಸಿ, ಚೀಲ ಕೊಡವದ ಸೊಸೆ ಇವಳೇ ಎಂದು ನಗುತ್ತಿದ್ದರು. ಜಯಮ್ಮ ಮನೆಗೆಲಸದಲ್ಲಿ ಎಷ್ಟು ಅಚ್ಚುಕಟ್ಟು ಎಂದು ಬಲ್ಲ ನಾನು ಪಕ್ಕದಲ್ಲೇ ಕೂತು ಕೋಡುಬಳೆ ತಿನ್ನುತ್ತಿದ್ದೆ.

ಒಂದೆರಡು ವಾರ ಬಿಟ್ಟು, ತಡೆಯಲಾರದೆ, ತಿಮ್ಮೇಗೌಡರ ಕಾಲಿಗೆ ಬೀಳೋಣವೆಂದು ಒಬ್ಬನೇ ಆ ಹಳ್ಳಿಗೆ ಹೋದೆ. ಗೌಡರು ತೋಟದಲ್ಲಿದ್ದರು, ಕರೆಯಲು ಯಾರೋ ಹೋದರು. ಜಗಲಿಯ ಮೇಲೆ ಕಿವಿ ಕೇಳದ ಅಜ್ಜಿಯೊಬ್ಬರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಸರೋಜ ನೀರು ತಂದಿಟ್ಟು, ಅಜ್ಜಿಯ ಪಕ್ಕ ಕೂತು ತಾನೂ ಕಾಯಿ ಸುಲಿಯತೊಡಗಿದಳು. ನನಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ನನ್ನ ಅಚಾತುರ್ಯದಿಂದ ನಿನಗೆ ಹೀಗಾಯಿತಲ್ಲ ತಾಯಿ, ಆ ಹಾಳು ಅಡಿಕೆ ಚೀಲದಲ್ಲಿ ಇದ್ದದ್ದು ನನಗೆ ಕಾಣಲಿಲ್ಲ ಎಂದೆ.

ಅವಳು ಕಾಯಿಯಿಂದ ಕಣ್ಣು ಕೀಳದೆ ಹೇಳಿದಳು. “ಚೀಲದಲ್ಲಿ ಪುಸ್ತಕ ಬಿಟ್ರೆ ಏನೂ ಇರ್ನಿಲ್ಲ ಮೇಷ್ಟ್ರೇ. ಅಡಿಕೆ ಅರಿಶಿನ ಆಕ್ದೋಳು ನಾನೇ.”

ಅವಳು ಉಳಿದದ್ದನ್ನು ಅವಸರವಿಲ್ಲದೆ ಹೇಳಿದಳು. ಹಾಸನದ ಯಜಮಾನರಿಗೆ ಅದು ಎರಡನೆಯ ಸಂಬಂಧ, ಮೊದಲನೆಯವಳ ಮಗಳೇ ಸರೋಜಳ ಕ್ಲಾಸಿನಲ್ಲಿ ಓದಿದವಳು. ಬರುತ್ತೇವೆಂದು ಅವರು ಮೊದಲೇ ಹೇಳಿ ಕಳಿಸಿದ್ದರು, ಅಪ್ಪ ಹೂಂ ಎನ್ನುವುದರಲ್ಲಿದ್ದರು. ರಂಗಸ್ವಾಮಿ ಒಪ್ಪುವುದಿಲ್ಲವೆಂದು ಅವನು ತೊಲೆ ನೋಡುತ್ತಿದ್ದಾಗಲೇ ಅವಳಿಗೆ ಗೊತ್ತಾಗಿತ್ತು. ಚೀಲ ಬಂದ ಮಧ್ಯಾಹ್ನ ಮನೆಯಲ್ಲಿ ಇವಳೊಬ್ಬಳೇ ಇದ್ದಳು. ಶುಭವಿವಾಹ ಎಂದು ಚೀಲದ ಮೇಲೆ ಬರೆದೇ ಇತ್ತು. ಮಿಕ್ಕಿದ್ದನ್ನು ದೇವರ ಗೂಡಿನಿಂದ ತಂದು ಹಾಕಿದಳು. ಮಾತು ಮುರಿದ ಹುಡುಗಿಯೆಂದು ಇನ್ನೊಂದು ವರ್ಷ ಯಾರೂ ಬರುವುದಿಲ್ಲ, ಅಷ್ಟರಲ್ಲಿ ಹಾಸನದಲ್ಲಿ ಟೀಚರ್ ಟ್ರೈನಿಂಗ್ ಮುಗಿಸುತ್ತೇನೆ, ಅಪ್ಪ ಬೇಸರದಲ್ಲಿ ಏನಾದರೂ ಮಾಡ್ಕೋ ಎಂದಿದ್ದಾರೆ ಎಂದಳು.

ಅಪ್ಪ ಅರಕಲಗೂಡಿನಲ್ಲಿ ಹಾಗೆ ತಲೆತಗ್ಗಿಸಿ ಕೂತದ್ದು ನಿನಗೆ ಗೊತ್ತೇ ಎಂದು ಕೇಳಿದೆ. ಆಗ ಅವಳ ಕೈ ನಿಂತಿತು. ಗೊತ್ತು, ಅಷ್ಟು ದೂರ ಹೋಗುತ್ತಾರೆ ಅಂದುಕೊಂಡಿರಲಿಲ್ಲ, ಆವತ್ತಿಂದ ಅನ್ನ ಬಡಿಸುವಾಗ ಅವರ ಮುಖ ನೋಡೋಕ್ಕೆ ಆಗ್ತಿಲ್ಲ ಎಂದಳು. ಕಣ್ಣು ಒರೆಸಿಕೊಂಡು ನನ್ನನ್ನು ನೋಡಿದಳು.

“ನೀವು ಯಾರ್ಗೂ ಯೋಳ್ಬ್ಯಾಡಿ. ನಿಮ್ಮ ಮನೇರ್ಗೂ ಯೋಳ್ಬ್ಯಾಡಿ. ಗೊತ್ತಾದ್ರೆ ನನ್ನ ಟ್ರೈನಿಂಗಿಗೆ ಕಳ್ಸಾಕಿಲ್ಲ.”

ಆಗಲಿ ಎಂದೆ. ಆಮೇಲೆ ಅವಳು ದನಿ ತಗ್ಗಿಸಿ, ನಾಲ್ಕನೆಯ ಭಾಗ ತಂದಿದ್ದೀರಾ ಎಂದು ಕೇಳಿದಳು. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ತಂದಿದ್ದೆ. ಕ್ಷಮೆ ಕೇಳಲು ಹೊರಟವನು ಯಾಕೆ ಅದನ್ನು ಎತ್ತಿಕೊಂಡೆನೋ ಈಗಲೂ ತಿಳಿಯದು. ಈ ಸಲ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ್ದೆ. ಅದು ಅವರೆ ಸಿಪ್ಪೆಯ ಮಂಕರಿಯೊಳಗೆ ಹೋಯಿತು.

ತಿಮ್ಮೇಗೌಡರು ಬಂದರು. ಓದಿದೋರು ನೀವು, ಒಂದು ಚೀಲ ನೋಡಿ ಕಳಿಸಬಾರದಾಗಿತ್ತಾ ಎಂದರು. ತಪ್ಪು ನಂದೇ ಗೌಡರೇ ಎಂದು ಕಾಲಿಗೆ ಬಿದ್ದೆ. ಅವರು ಹಿಡಿದೆತ್ತಿ, ಬಸ್ ನಿಲ್ಲುವ ಕಡೆಯವರೆಗೂ ಬಂದು, ಬಸ್ ಬರುವವರೆಗೂ ಬೈದರು. ನಾನು ಹೂಂಗುಟ್ಟುತ್ತಿದ್ದೆ.

ಸರೋಜ ಟ್ರೈನಿಂಗ್ ಮುಗಿಸಿ ಚನ್ನರಾಯಪಟ್ಟಣದಲ್ಲೇ ಮೇಷ್ಟ್ರಮ್ಮನಾದಳು. ಉಳಿದ ಭಾಗಗಳನ್ನೂ ಹೇಗೋ ಸಂಪಾದಿಸಿ ಓದಿ, ಕೆಲವು ವರ್ಷಗಳ ಮೇಲೆ ಒಂದು ಕಾರ್ಡು ಬರೆದಳು. ಎಂಟನೆಯ ಭಾಗದ ಕೊನೆ ಸರಿಯಿಲ್ಲ, ಯುದ್ಧ ಗೆದ್ದ ಮೇಲೆ ಒಬ್ಬರನ್ನೂ ಬಿಡದೆ ಎಲ್ಲರಿಗೂ ಮದುವೆ ಮಾಡಿಸಿಬಿಟ್ಟಿದ್ದಾರೆ ಎಂದಿತ್ತು. ಆಮೇಲೆ ಅವಳೂ ತನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರನ್ನು ಮೆಚ್ಚಿ ಮದುವೆಯಾದಳೆಂದು ಕೇಳಿದೆ.

ಆವತ್ತು ಹಳ್ಳಿಯಿಂದ ಮನೆಗೆ ಬಂದಾಗ ಜಯಮ್ಮ ಕಾಲು ತೊಳೆಯಲು ನೀರು ಕೊಟ್ಟು, ಬೇರೇನೂ ಕೇಳದೆ ಒಂದೇ ಮಾತು ಕೇಳಿದಳು. “ಅಡಿಕೆ ನಮ್ಮ ಚೀಲದಲ್ಲೇ ಇತ್ತಂತಾ?”

ಹೇಳಿದ್ದರೆ ಅವಳು ಮರುದಿನವೇ ಅರಕಲಗೂಡಿನ ಬಸ್ ಹತ್ತುತ್ತಿದ್ದಳು. ಹತ್ತುವುದು ನ್ಯಾಯವೂ ಆಗಿತ್ತು. ಇತ್ತಂತೆ ಎಂದೆ. ಅವಳು ಚೊಂಬು ಎತ್ತಿಕೊಂಡು ಒಳಗೆ ಹೋದಳು. ಟ್ರೈನಿಂಗ್ ಮುಗಿದ ಮೇಲಾದರೂ ಹೇಳಬಹುದಿತ್ತು, ಸರೋಜಳ ಮದುವೆಯಾದ ಮೇಲೆ ಹೇಳಬಹುದಿತ್ತು. ಅಷ್ಟು ದಿನ ಮುಚ್ಚಿಟ್ಟದ್ದಕ್ಕೆ ಏನೆನ್ನುತ್ತಾಳೋ ಎಂದು ಮುಂದೆ ಹಾಕಿದೆ, ಹಾಗೇ ಮುಂದೆ ಹಾಕುತ್ತಾ ಹೋದೆ. ಜಯಮ್ಮ ತೀರಿಕೊಂಡು ಈಗ ಆರು ವರ್ಷವಾಯಿತು. ಇರುವವರೆಗೂ ಅವಳು ಮನೆಗೆ ಬಂದ ಪ್ರತಿಯೊಂದು ಚೀಲವನ್ನೂ ಒಳಗು ಹೊರಗು ಮಾಡಿ, ಎರಡು ಸಲ ಕೊಡವಿ, ಮೂಲೆಗಳಿಗೆ ಬೆರಳು ಹಾಕಿ ನೋಡಿ, ಆಮೇಲೆ ಮಡಚಿಡುತ್ತಿದ್ದಳು. ಅವಳು ಹಾಗೆ ಕೊಡವುವಾಗೆಲ್ಲ ನಾನು ಪುಸ್ತಕ ಹಿಡಿದು ಕೂತಿರುತ್ತಿದ್ದೆ, ಒಂದಕ್ಷರವೂ ಓದುತ್ತಿರಲಿಲ್ಲ.